ಠಾಣೆಯ ಹಿತ್ತಲಿನಿಂದ ಹೋದ ಗೇರ್‌ಬಾಕ್ಸ್

ಸೋಮವಾರ, ಹದಿನೈದನೇ ತಾರೀಖು, ಬೆಳಿಗ್ಗೆ 10.10ಕ್ಕೆ ಠಾಣೆಗೆ ಬಂದ ದೂರು ಬಹಳ ದೂರದಿಂದ ಬಂದದ್ದಲ್ಲ. ಠಾಣೆಯ ಹಿತ್ತಲಿನಿಂದ ನಲವತ್ತು ಹೆಜ್ಜೆ ನಡೆದು ಬಂದಿತ್ತು. ಅಪಘಾತದ ಪಿಕಪ್ ಒಂದನ್ನು ಪರೀಕ್ಷಿಸಿ ವರದಿ ಕೊಡಲು ಬಂದಿದ್ದ ವಾಹನ ನಿರೀಕ್ಷಕರು ಗಾಡಿಯ ಅಡಿಗೆ ಅಂಗಾತ ತೂರಿ, ಎರಡೇ ನಿಮಿಷದಲ್ಲಿ ಹೊರಗೆ ಬಂದು, ಬೆನ್ನಿನ ಧೂಳನ್ನೂ ಕೊಡವದೆ ಇನ್‌ಸ್ಪೆಕ್ಟರರ ಮೇಜಿನ ಮುಂದೆ ನಿಂತರು.

"ಮೇಡಂ, ಏನನ್ನ ಪರೀಕ್ಷೆ ಮಾಡಲಿ?"

"ಗೇರ್‌ಬಾಕ್ಸನ್ನ."

"ಎಲ್ಲಿದೆ ತೋರಿಸಿ, ಮಾಡ್ತೀನಿ."

ಠಾಣೆಯ ಬರವಣಿಗೆ ನೋಡಿಕೊಳ್ಳುತ್ತಿದ್ದ ದಫೇದಾರರು FIR ಪುಸ್ತಕ ತೆರೆದರು. ಅವರದು ದೊಡ್ಡ ಮೀಸೆ. ಮಾತಾಡಿದರೆ ಮೀಸೆ ಮಾತ್ರ ಅಲ್ಲಾಡುತ್ತಿತ್ತು. 'ಘಟನಾ ಸ್ಥಳಕ್ಕೂ ಠಾಣೆಗೂ ಇರುವ ದೂರ, ದಿಕ್ಕು' ಎಂಬಲ್ಲಿಗೆ ಬಂದು ಅವರ ಪೆನ್ನು ನಿಂತಿತು. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಇಂಥ ಇಕ್ಕಟ್ಟು ಬಂದಿರಲಿಲ್ಲ.

"ನಲವತ್ತು ಹೆಜ್ಜೆ, ಹಿಂದುಗಡೆ ಅಂತ ಹಾಕ್ಲಾ ಮೇಡಂ?"

"ಮೀಟರಲ್ಲಿ ಬರೀರಿ. ಮರ್ಯಾದೆ ಸ್ವಲ್ಪ ಉಳಿಯುತ್ತೆ."

ಹಿಂದಿನ ಗುರುವಾರ ಬೆಳಿಗ್ಗೆ 11.20ಕ್ಕೆ, ಮೂವತ್ತೆರಡು ವಾಶ್‌ಬೇಸಿನ್ ಹೇರಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದ ಈ ಡೀಸೆಲ್ ಪಿಕಪ್ ತಿರುವಿನಲ್ಲಿ ಅಡ್ಡಡ್ಡ ಜಾರಿ, ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಟೈಲರ್ ಒಬ್ಬರನ್ನು ಗೋಡೆಗೆ ಒತ್ತಿತ್ತು. ಟೈಲರ್ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದರು. ವಾಶ್‌ಬೇಸಿನ್‌ಗಳಲ್ಲಿ ಒಂದು ಹೇಗೋ ಉಳಿದಿತ್ತು. ಚಾಲಕ ಮೇಲ್ದುಟಿಗೆ ಆರು ಹೊಲಿಗೆ ಹಾಕಿಸಿಕೊಂಡು ಠಾಣೆಯ ಲಾಕಪ್ಪಿನಲ್ಲಿದ್ದ. ಬುಧವಾರ ಅವನನ್ನು ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕಿತ್ತು.

ಮೂರನೇ ಗೇರಿನಲ್ಲಿ ನಿಧಾನವಾಗಿ ಇಳಿಯುತ್ತಿದ್ದೆ, ಒಳಗೆ ಏನೋ ಪಟ್ಟೆಂದು ಮುರಿದು ಹಿಂದಿನ ಚಕ್ರಗಳು ಕಚ್ಚಿಕೊಂಡವು ಎಂಬುದು ಚಾಲಕನ ಹೇಳಿಕೆ. ಹುಚ್ಚು ವೇಗದಲ್ಲಿ ಬಂದು ಬ್ರೇಕ್ ತುಳಿದಿದ್ದಾನೆ ಎಂಬುದು ಗಾಡಿಯ ಮಾಲೀಕನ ಹೇಳಿಕೆ. ರಸ್ತೆಯ ಮೇಲಿನ ಟಯರಿನ ಕಪ್ಪು ಗೆರೆ ಎರಡು ಕತೆಗೂ ಒಂದೇ ಥರ ಹೊಂದುತ್ತಿತ್ತು. ಗೇರ್‌ಬಾಕ್ಸ್ ಬಿಚ್ಚಿ ನೋಡಿದರೆ ಇಬ್ಬರಲ್ಲಿ ಸುಳ್ಳುಗಾರ ಯಾರೆಂದು ಗೊತ್ತಾಗುತ್ತಿತ್ತು. ಅದೇ ಈಗ ಇಲ್ಲ.

ಇನ್‌ಸ್ಪೆಕ್ಟರ್ ವಿಷಯ ತಿಳಿಸಲು ತಾವೇ ಲಾಕಪ್ಪಿಗೆ ಹೋದರು. ಎಂಟಡಿ ಅಗಲ, ಹತ್ತಡಿ ಉದ್ದ. ಇದ್ದ ಒಂದು ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ತೆರೆದುಕೊಳ್ಳುತ್ತಿತ್ತು, ಕೈ ಹೊರಗೆ ಚಾಚಿದರೆ ಗೋಡೆ ತಾಗುವಷ್ಟು ಹತ್ತಿರ. ಚಾಲಕ ಎಲ್ಲವನ್ನೂ ಕೇಳಿಸಿಕೊಂಡ.

"ಈ ಊರಲ್ಲಿ ನನ್ನ ಪರವಾಗಿ ಇದ್ದಿದ್ದು ಅದೊಂದೇ ಡಬ್ಬಿ ಮೇಡಂ. ಅದನ್ನೂ ಕಳ್ಕೊಂಡ್ರಾ?"

ಇನ್‌ಸ್ಪೆಕ್ಟರ್ ಪಂಚರನ್ನು ಕರೆಸಲು ಹೇಳಿ ಹಿತ್ತಲಿಗೆ ನಡೆದರು.

11.00ರಿಂದ 11.50ರವರೆಗೆ ಪಂಚನಾಮೆ ನಡೆಯಿತು. ಪಂಚರು ಎದುರಿನ ಚಹದಂಗಡಿಯವನು ಮತ್ತು ಜೆರಾಕ್ಸ್ ಅಂಗಡಿಯವನು. ಕಂಡದ್ದಿಷ್ಟು: ಹಿಂದಿನ ಗೇಟಿಗೆ ಸುತ್ತಿದ್ದ ತಂತಿ ಬಿಚ್ಚಿದೆ. ಗಾಡಿಯಡಿಯ ಉದ್ದನೆಯ ಶಾಫ್ಟನ್ನು ಕಳಚಿ, ಮಣ್ಣು ತಾಗದಂತೆ ಗೋಣಿಚೀಲದ ಮೇಲೆ ಮಲಗಿಸಿದೆ. ಆಯಿಲ್ ನೆಲಕ್ಕೆ ಒಂದು ಹನಿಯೂ ಚೆಲ್ಲಿಲ್ಲ. ಗೇರ್‌ಬಾಕ್ಸನ್ನು ಎಂಜಿನ್ನಿಗೆ ಬಿಗಿದಿದ್ದ ಬೋಲ್ಟುಗಳು ಒಂದೂ ಕಾಣೆಯಾಗಿಲ್ಲ. ಪ್ರತಿಯೊಂದನ್ನೂ ಅದರದರ ತೂತಿಗೆ ಬೆರಳಲ್ಲೇ ತಿರುಗಿಸಿ ಕೂರಿಸಲಾಗಿದೆ.

"ಇವನು ಕಳ್ಳನೋ, ಬಾಡಿಗೆ ಮನೆ ಖಾಲಿ ಮಾಡೋ ಸಭ್ಯಸ್ಥನೋ?" ಎಂದರು ವಾಹನ ನಿರೀಕ್ಷಕರು. "ಐವತ್ತು ಕೆಜಿ ಡಬ್ಬಿ ಮೇಡಂ. ಮಲಗಿಕೊಂಡು ಎದೆ ಮೇಲೆ ಇಳಿಸ್ಕೊಂಡಿದಾನೆ. ಪಳಗಿದ ಕೈ."

ಮುಂದಿನ ಚಕ್ರದ ಹತ್ತಿರ, ಜಲ್ಲಿಕಲ್ಲುಗಳ ನಡುವೆ, ಮೊಳದುದ್ದದ ಸ್ಕ್ರೂಡ್ರೈವರ್ ಬಿದ್ದಿತ್ತು. ಅದರ ಮರದ ಹಿಡಿಯ ತುದಿಯಲ್ಲಿ, ಎರಡೂ ಮಗ್ಗುಲಿಗೆ, ಆಳವಾದ ಕಚ್ಚುಗಳಿದ್ದವು.

"ನಾಯಿ ಕಡಿದಿದೆ," ಎಂದ ಚಹದಂಗಡಿಯವನು. ದಫೇದಾರರು ಹಾಗೆಯೇ ಬರೆಯಹೊರಟರು.

"ಕಚ್ಚಿದ ಗುರುತು ಅಂತಷ್ಟೇ ಬರೀರಿ," ಎಂದರು ಇನ್‌ಸ್ಪೆಕ್ಟರ್. "ಕಚ್ಚಿದ್ದು ಯಾರು ಅನ್ನೋದನ್ನ ಆಮೇಲೆ ನೋಡೋಣ."

ಮಧ್ಯಾಹ್ನ 12.15. ಭಾನುವಾರ ಠಾಣೆಯ ಕಾವಲಿಗಿದ್ದ ಸೆಂಟ್ರಿಯ ವಿಚಾರಣೆ.

"ಎಷ್ಟೊತ್ತಿಂದ ಎಷ್ಟೊತ್ತಿನ ತನಕ ಡ್ಯೂಟಿ?"

"ಮಧ್ಯಾಹ್ನ ಎರಡರಿಂದ ರಾತ್ರಿ ಎಂಟು ಮೇಡಂ."

"ಹಿತ್ತಲಲ್ಲಿ ಏನಾದರೂ ಸದ್ದು?"

"ಆಯ್ತು ಮೇಡಂ. ಮೂರು ಗಂಟೆಯಿಂದ ನಾಲ್ಕೂವರೆ ತನಕ. ಡಬ ಡಬ ಅಂತ ಸುತ್ತಿಗೆ ಏಟು. ಕಬ್ಬಿಣ ಎಸೆದ ಹಾಗೆ ಒಂದೆರಡು ಸಲ. ಕಿವಿ ಹಾರಿಹೋಗೋ ಹಾಗೆ."

"ಹೋಗಿ ನೋಡಲಿಲ್ವಾ?"

ಸೆಂಟ್ರಿಯ ಮುಖ ಇಂಗು ತಿಂದ ಮಂಗನಂತಾಯಿತು. "ಅಷ್ಟು ಧೈರ್ಯವಾಗಿ ಸದ್ದು ಮಾಡ್ತಿದಾನೆ ಅಂದ್ರೆ ನಮ್ಮ ಇಲಾಖೆಯವನೇ ಇರಬೇಕು ಅಂದ್ಕೊಂಡೆ. ಕದಿಯೋನು ಯಾರಾದ್ರೂ ಹಾಗೆ ಕದೀತಾನಾ ಮೇಡಂ, ನೀವೇ ಹೇಳಿ?"

ಇನ್‌ಸ್ಪೆಕ್ಟರ್ ಅವನನ್ನು ಬೈಯಲಿಲ್ಲ. ಅವನ ಪ್ರಶ್ನೆ ಸರಿಯಾಗಿಯೇ ಇತ್ತು.

ಗಾಡಿಯ ಮಾಲೀಕನನ್ನು 3.00ಕ್ಕೆ ಕರೆಸಿದರು. ಸ್ನಾನದ ಮನೆಯ ಸಾಮಾನು ಮಾರುವವನು. ಕಮೋಡಿನ ಮೇಲೆ ಹತ್ತು ವರ್ಷ ಗ್ಯಾರಂಟಿ ಕೊಡುವ ದನಿಯಲ್ಲೇ ಮಾತಾಡಿದ. ಭಾನುವಾರ ಇಡೀ ದಿನ ಅಂಗಡಿಯಲ್ಲಿದ್ದ. ನಾಲ್ಕು ಜನ ಸಾಕ್ಷಿ ಹೇಳಿದರು. ಹೋಗುವ ಮುನ್ನ ಒಂದು ಚೀಟಿ ಮುಂದಿಟ್ಟ. ಅಪಘಾತಕ್ಕೆ ಆರು ದಿನ ಮೊದಲು ಗಾಡಿ ಗ್ಯಾರೇಜಿಗೆ ಹೋಗಿತ್ತು. ಚೀಟಿಯಲ್ಲಿ ಬರೆದಿತ್ತು: 'ಗೇರ್‌ಬಾಕ್ಸ್ ನೋಡಿದೆ. ಸದ್ದಿಲ್ಲ. ಗಾಡಿ ಓಡಿಸಬಹುದು.'

"ಕಿವಿ ಮೇಸ್ತ್ರಿ ಕೈಬರಹ ಮೇಡಂ," ಎಂದ ಮಾಲೀಕ. "ಅವರು ಸದ್ದಿಲ್ಲ ಅಂದ್ಮೇಲೆ ಸದ್ದಿಲ್ಲ. ಆ ಡ್ರೈವರ್ ಒಬ್ಬನಿಗೇ ಏನೇನೋ ಕೇಳಿಸ್ತಿತ್ತು."

ಕಿವಿ ಮೇಸ್ತ್ರಿಯ ಹೆಸರು ಇನ್‌ಸ್ಪೆಕ್ಟರಿಗೂ ಗೊತ್ತಿತ್ತು. ಡೀಸೆಲ್ ಎಂಜಿನ್ನಿನ ಮೇಲೆ ಸ್ಕ್ರೂಡ್ರೈವರ್ ಊರಿ, ಯಾವ ಗೇರಿನ ಯಾವ ಹಲ್ಲು ಸವೆದಿದೆ ಎಂದು ಬಿಚ್ಚದೆಯೇ ಹೇಳುವವರು. ಅಕ್ಕಪಕ್ಕದ ಊರುಗಳಿಂದಲೂ ಗಾಡಿಗಳು ಅವರನ್ನು ಹುಡುಕಿಕೊಂಡು ಬರುತ್ತಿದ್ದವು.

ಮಂಗಳವಾರ ಬೆಳಿಗ್ಗೆ 10.30ಕ್ಕೆ ಇನ್‌ಸ್ಪೆಕ್ಟರ್, ದಫೇದಾರರು ಗ್ಯಾರೇಜಿಗೆ ಹೋದರು. ಉದ್ದನೆಯ ತಗಡಿನ ಶೆಡ್ಡು, ನೆಲದಲ್ಲಿ ಎರಡು ಗುಂಡಿ, ಗುಂಡಿಗಳ ಮೇಲೆ ಎರಡು ಪಿಕಪ್. ಗ್ಯಾರೇಜಿನ ಯಜಮಾನ ಮೇಸ್ತ್ರಿಯ ತಮ್ಮ. ಭಾನುವಾರ ಎಲ್ಲಿದ್ದಿರಿ ಎಂಬ ಪ್ರಶ್ನೆಗೆ, ಕ್ಲಬ್ಬಿನ ಕೇರಂ ಪಂದ್ಯದಲ್ಲಿ ಸೋಲುತ್ತಿದ್ದೆ ಎಂದ. ಆಮೇಲೆ ಕ್ಲಬ್ಬಿನವರು ಸೋಲಿನ ಅಂಕಗಳ ಸಮೇತ ಅದನ್ನು ದೃಢಪಡಿಸಿದರು.

"ಈ ಥರದ ಸ್ಕ್ರೂಡ್ರೈವರ್ ಯಾತಕ್ಕೆ ಬಳಸ್ತೀರಿ?"

"ಸದ್ದು ಕೇಳೋಕೆ ಮೇಡಂ. ತುದಿ ಎಂಜಿನ್ ಮೇಲೆ, ಹಿಡಿ ಕಿವಿಗೆ. ಡಾಕ್ಟರ್ ಎದೆಗೆ ನಳಿಕೆ ಇಡ್ತಾರಲ್ಲ, ಹಾಗೆ." ಇಬ್ಬರು ಮೆಕ್ಯಾನಿಕ್‌ಗಳು ಕಿವಿಗೆ ಇಟ್ಟು ತೋರಿಸಿದರು. ಅವರ ಸ್ಕ್ರೂಡ್ರೈವರ್‌ಗಳ ಹಿಡಿ ಗ್ರೀಸಿನಿಂದ ಕರ್ರಗಿತ್ತು, ಕಚ್ಚಿದ ಗುರುತಿರಲಿಲ್ಲ.

"ನಿಮ್ಮಣ್ಣ?"

"ಅಲ್ಲಿ, ಕೇಳ್ತಾ ಇದಾರೆ. ಸ್ವಲ್ಪ ತಾಳಿ. ಅಣ್ಣ ಕೇಳೋವಾಗ ಯಾರೂ ಮಾತಾಡಬಾರದು, ಎದುರಿಗೂ ಹೋಗಬಾರದು. ಎರಡು ವರ್ಷದಿಂದ ಈ ಕಟ್ಟುನಿಟ್ಟು. ಗಮನ ಕೆಡುತ್ತಂತೆ."

ಶೆಡ್ಡಿನ ಕೊನೆಯಲ್ಲಿ ಒಂದು ಪಿಕಪ್ಪಿನ ಬಾನೆಟ್ ಎತ್ತಿತ್ತು. ಎಂಜಿನ್ ಗಡಗಡ ಓಡುತ್ತಿತ್ತು. ಐವತ್ತಾರರ ಗಟ್ಟಿಮುಟ್ಟಾದ ಆಳು, ಎಲ್ಲರಿಗೂ ಬೆನ್ನು ಕೊಟ್ಟು, ಅದರೊಳಗೆ ಬಗ್ಗಿದ್ದರು. ಅವರ ಹಿಂದೆ ಆ ಪಿಕಪ್ ತಂದಿದ್ದ ಗಿರಾಕಿ ಫಲಿತಾಂಶಕ್ಕೆ ಕಾಯುವ ವಿದ್ಯಾರ್ಥಿಯಂತೆ ಕೈಕಟ್ಟಿ ನಿಂತಿದ್ದ.

ಪೊಲೀಸರಿಗೆ ಎದುರಿಗೆ ಹೋಗಬೇಡಿ ಎಂದರೆ ಎದುರಿಗೇ ಹೋಗುವ ಅಭ್ಯಾಸ. ಇನ್‌ಸ್ಪೆಕ್ಟರ್ ಗಾಡಿಯನ್ನು ಸುತ್ತಿ ಆಚೆ ಬದಿಗೆ ಬಂದರು. ಸ್ಕ್ರೂಡ್ರೈವರಿನ ತುದಿ ಎಂಜಿನ್ ಮೇಲಿತ್ತು. ಹಿಡಿ ಕಿವಿಯ ಹತ್ತಿರವೆಲ್ಲೂ ಇರಲಿಲ್ಲ. ಮೇಸ್ತ್ರಿ ಅದನ್ನು ಹಲ್ಲುಗಳ ನಡುವೆ ಬಿಗಿಯಾಗಿ ಕಚ್ಚಿ, ಕಣ್ಣು ಮುಚ್ಚಿಕೊಂಡಿದ್ದರು. ಕಿವಿಗೆ ಕೇಳದ ಸದ್ದನ್ನು ದವಡೆಯ ಮೂಳೆಯ ಮೂಲಕ ಎಳೆದುಕೊಳ್ಳುತ್ತಿದ್ದರು.

ಸೆಂಟ್ರಿ ಕೇಳಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತು. ತಾನು ಮಾಡುತ್ತಿರುವ ಸದ್ದು ತನಗೇ ಕೇಳದವನು ಮಾತ್ರ ಹಾಗೆ ಕದಿಯಬಲ್ಲ. ಕೈಯಿಂದ ಸ್ಕ್ರೂಡ್ರೈವರ್ ಜಾರಿ ಕಲ್ಲಿನ ಮೇಲೆ ಬಿದ್ದದ್ದೂ ಅವನಿಗೆ ತಿಳಿಯುವುದಿಲ್ಲ.

ಮೇಸ್ತ್ರಿ ಕಣ್ಣು ತೆರೆದರು. ಎದುರಿಗೆ ಖಾಕಿ ಕಂಡಿತು. ಬಾಯಿಯಿಂದ ಹಿಡಿಯನ್ನು ತೆಗೆದರು.

ಇನ್‌ಸ್ಪೆಕ್ಟರ್ ದನಿ ಎತ್ತಲಿಲ್ಲ, ದನಿಯನ್ನೇ ಹೊರಡಿಸಲಿಲ್ಲ. ಓಡುತ್ತಿದ್ದ ಎಂಜಿನ್ನಿನ ಮೇಲಿಂದ ಬರೀ ತುಟಿ ಆಡಿಸಿದರು: "ಗೇರ್‌ಬಾಕ್ಸ್ ಎಲ್ಲಿ?"

"ಹಿಂದಿನ ಕೋಣೇಲಿ," ಎಂದರು ಮೇಸ್ತ್ರಿ, ಶೆಡ್ಡಿನ ತಗಡು ಅದುರುವಂತೆ. "ಸೀಮೆಎಣ್ಣೆ ತಟ್ಟೇಲಿದೆ."

ಪ್ರಶ್ನೆ ಯಾರಿಗೂ ಕೇಳಿಸಿರಲಿಲ್ಲ, ಉತ್ತರ ಎಲ್ಲರಿಗೂ ಕೇಳಿಸಿತು. ತಮ್ಮ ಓಡಿಬಂದ. "ಏನಣ್ಣಾ? ಯಾವ ಗೇರ್‌ಬಾಕ್ಸು? ಏನು ಹೇಳ್ತಿದೀಯಾ?"

ಅವನು ಕೂಗಿದ್ದು ಬೆನ್ನ ಹಿಂದಿನಿಂದ. ಅಣ್ಣ ತಿರುಗಲಿಲ್ಲ.

11.40ಕ್ಕೆ ಗೇರ್‌ಬಾಕ್ಸ್ ವಶ. ಪೂರ್ತಿ ಬಿಚ್ಚಿ, ತೊಳೆದು, ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿತ್ತು. ಒಂದು ಬೇರಿಂಗ್ ಒಡೆದು ಚೂರಾಗಿತ್ತು. ಅದರ ಎರಡು ಗುಂಡುಗಳು ಮೂರನೇ ಗೇರಿನ ಹಲ್ಲುಗಳನ್ನು ಜಜ್ಜಿದ್ದು ಬರಿಗಣ್ಣಿಗೇ ಕಾಣುತ್ತಿತ್ತು. ವಾಹನ ನಿರೀಕ್ಷಕರು ನೋಡಿ, ಚಾಲಕ ಹೇಳಿದ್ದು ನಿಜ ಎಂದು ಬರೆದುಕೊಟ್ಟರು. ಬೇರಿಂಗ್ ಹೀಗಾಗುವ ಮುನ್ನ ವಾರಗಟ್ಟಲೆ ಕೂಗಿಕೊಂಡಿರಬೇಕು ಎಂದೂ ಸೇರಿಸಿದರು. 12.30ಕ್ಕೆ, ಕಳವು ಮತ್ತು ಸಾಕ್ಷ್ಯ ಮರೆಮಾಚಿದ ಆರೋಪದ ಮೇಲೆ, ಮೇಸ್ತ್ರಿಯ ಬಂಧನವಾಯಿತು.

ವಿಚಾರಣೆ 2.30ಕ್ಕೆ. ದಫೇದಾರರ ಮೀಸೆ ದಾಟಿ ಒಂದಕ್ಷರವೂ ಮೇಸ್ತ್ರಿಗೆ ತಲುಪಲಿಲ್ಲ. ಕೊನೆಗೆ ಇನ್‌ಸ್ಪೆಕ್ಟರ್ ಪ್ರಶ್ನೆಗಳನ್ನು ಹಾಳೆಯ ಮೇಲೆ ಬರೆದು ದೂಡಿದರು. ಉತ್ತರಗಳು ಬಾಯಲ್ಲೇ ಬಂದವು, ಠಾಣೆಯ ಉದ್ದಗಲಕ್ಕೂ ಕೇಳುವಂತೆ. ಎದುರಿನ ಚಹದಂಗಡಿಯಲ್ಲಿ ಲೋಟಗಳ ಸದ್ದು ನಿಂತಿತು. ಲಾಕಪ್ಪಿನಲ್ಲಿ ಚಾಲಕ ಕಂಬಿ ಹಿಡಿದು ನಿಂತ.

"ಯಾವಾಗಿನಿಂದ?"

"ಎರಡು ವರ್ಷ ಆಯ್ತು. ಮೊದಲು ಹೋಗಿದ್ದು ರಿವರ್ಸ್ ಗೇರು. ಗಾಡಿ ಹಿಂದಕ್ಕೆ ಬರೋವಾಗ ಸಣ್ಣಗೆ ಕೂಗುತ್ತಲ್ಲ, ಅದು. ಈಗ ಒಳ್ಳೊಳ್ಳೆ ಗಾಡಿ ಬರ್ತಿವೆ ಅಂದ್ಕೊಂಡು ಖುಷಿಪಟ್ಟೆ. ಆಮೇಲೆ ಬೇರಿಂಗಿನ ಸದ್ದು ಹೋಯ್ತು. ಆಗ ಗೊತ್ತಾಯ್ತು, ಸುಧಾರಿಸಿದ್ದು ಗಾಡಿಗಳಲ್ಲ ಅಂತ."

"ಯಾರಿಗೂ ಯಾಕೆ ಹೇಳಲಿಲ್ಲ?"

"ಹೇಳಿ ಏನ್ಮಾಡ್ಲಿ? ಗ್ಯಾರೇಜಿನ ಬೋರ್ಡಿನ ಮೇಲೆ ತಮ್ಮ ನನ್ನ ಕಿವೀನೇ ಬರೆಸಿದಾನೆ, ಆಳೆತ್ತರ. ಹದಿನಾಲ್ಕು ಜನಕ್ಕೆ ಅಲ್ಲಿ ಕೆಲಸ. ದಿನಾ ಬೆಳಿಗ್ಗೆ ಆ ಕಿವಿ ಕೆಳಗೇ ನುಗ್ಗಿ ಒಳಗೆ ಹೋಗಬೇಕು ಮೇಡಂ ನಾನು. ಹೊರಗೆ ಬರೋಕೆ ಬೇರೆ ಬಾಗಿಲಿಲ್ಲ."

"ಹೆಂಡತಿಗೆ?"

"ಅವಳು ಏನು ಹೇಳಿದ್ರೂ ಹೂಂ ಅಂತಿದ್ದೆ. ಈ ವಯಸ್ಸಲ್ಲಾದ್ರೂ ಬುದ್ಧಿ ಬಂತು ಅಂತ ಅವಳಿಗೆ ಸಮಾಧಾನ."

ದಫೇದಾರರಿಗೆ ನಗು ಬಂತು, ಮೀಸೆಯೊಳಗೇ ತಡೆದುಕೊಂಡರು.

"ಗೇರ್‌ಬಾಕ್ಸ್ ಯಾಕೆ ಒಯ್ದಿರಿ?"

ಮೇಸ್ತ್ರಿ ಹಾಳೆಯನ್ನು ಇನ್‌ಸ್ಪೆಕ್ಟರ್ ಕಡೆಗೆ ವಾಪಸ್ ದೂಡಿದರು.

"ಬಿಚ್ಚಿ ನೋಡಬೇಕಿತ್ತು. ಈ ಡ್ರೈವರ್ ಹುಡುಗ ಗಾಡಿ ತಂದ ದಿನ ಏನೋ ಹೇಳ್ತಾನೇ ಇದ್ದ. ಕೂಗ್ತಿದೆ ಅಂತಿದ್ದ ಅನ್ಸುತ್ತೆ. ಹಿಡಿ ಕಚ್ಚಿ ನೋಡಿದೆ, ಸಣ್ಣ ನಡುಕ ಅಷ್ಟೇ. ಸದ್ದಿಲ್ಲ ಅಂತ ಬರೆದುಕೊಟ್ಟೆ. ಒಳಗೆ ಎಲ್ಲಾ ಸರಿ ಇದ್ದಿದ್ರೆ ರಾತ್ರಿಯೊಳಗೆ ತಂದು ಕಟ್ಟಿಬಿಡ್ತಿದ್ದೆ. ಬೋಲ್ಟು ಅದಕ್ಕೇ ಅಲ್ಲೇ ಬಿಟ್ಟಿದ್ದು. ಬಿಚ್ಚಿದೆ. ಸರಿ ಇರಲಿಲ್ಲ. ತಂದಿಟ್ರೆ ನನ್ನ ಕತೆ ಮುಗೀತು, ಇಟ್ಕೊಂಡ್ರೆ ಅವನ ಕತೆ ಮುಗೀತು. ಎರಡು ದಿನದಿಂದ ಅದರ ಮುಂದೆ ಕೂತಿದ್ದೆ."

ಹೇಳಿಕೆಗೆ 4.15ಕ್ಕೆ ಸಹಿಯಾಯಿತು. ಚಾಲಕನ ಬಿಡುಗಡೆಗೆ ಮರುದಿನ ಬೆಳಿಗ್ಗೆ ನ್ಯಾಯಾಲಯದ ಆದೇಶ ಬೇಕಿತ್ತು. ಅಲ್ಲಿಯವರೆಗೆ ಇಬ್ಬರು ಆರೋಪಿಗಳು, ಒಂದೇ ಲಾಕಪ್ಪು.

"ಒಟ್ಟಿಗೆ ಹಾಕಿದ್ರೆ ಇನ್ನೊಂದು FIR ಬರೀಬೇಕಾಗುತ್ತೆ ಮೇಡಂ," ಎಂದರು ದಫೇದಾರರು.

"ಬೀಗ ಹಾಕಿ, ಸೆಂಟ್ರಿನ ಬಾಗಿಲಲ್ಲೇ ಕೂರಿಸಿ. ಈ ಸಲವಾದ್ರೂ ಸದ್ದಾದ್ರೆ ಎದ್ದು ನೋಡಲಿ."

ಚಾಲಕ ಹೊಲಿಗೆ ಬಿಟ್ಟುಕೊಂಡರೂ ಚಿಂತೆಯಿಲ್ಲ ಎಂಬಂತೆ ಬೈಯತೊಡಗಿದ. ಮೇಸ್ತ್ರಿಯ ಕಿವಿ, ವಂಶ, ಗ್ಯಾರೇಜು ಯಾವುದನ್ನೂ ಬಿಡಲಿಲ್ಲ. ಮೇಸ್ತ್ರಿ ಗೋಡೆಗೊರಗಿ ಅವನ ಊದಿದ ತುಟಿಯನ್ನೇ ನೋಡುತ್ತಿದ್ದರು, ಅದನ್ನು ಓದಲಾಗುತ್ತಿರಲಿಲ್ಲ. ಬೈಗುಳ ವಿಳಾಸಕ್ಕೆ ತಲುಪದಿದ್ದರೆ ಸುಸ್ತಾಗುವುದು ಬೈಯುವವನಿಗೇ. ಹತ್ತು ನಿಮಿಷಕ್ಕೆ ಅವನು ಸೋತು ಕುಳಿತ. 5.40ಕ್ಕೆ ಸೆಂಟ್ರಿಯಿಂದ ಹಾಳೆ, ಪೆನ್ಸಿಲ್ ಕೇಳಿ ಪಡೆದ. ಒಂದೇ ಸಾಲು ಬರೆದು ಮೇಸ್ತ್ರಿಯ ಕೈಗಿಟ್ಟ:

'ಆ ಟೈಲರಿಗೆ ಗುದ್ದೋದನ್ನ ತಪ್ಪಿಸೋಕೆ ನಾನು ಏನಾದರೂ ಮಾಡಬಹುದಿತ್ತಾ?'

ಮೇಸ್ತ್ರಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದರು.

"ಇಲ್ಲಪ್ಪ," ಎಂದರು. ಠಾಣೆಯಲ್ಲಿ ಟೈಪು ಮಾಡುತ್ತಿದ್ದವರ ಕೈ ನಿಂತಿತು. "ಗುಂಡು ಹಲ್ಲಿಗೆ ಸಿಕ್ಕಿದ ಮೇಲೆ ಕ್ಲಚ್ ತುಳಿದ್ರೂ ಅಷ್ಟೇ, ಬ್ರೇಕ್ ಬಿಟ್ರೂ ಅಷ್ಟೇ. ಹಿಂದಿನ ಚಕ್ರ ಕಲ್ಲಾಗಿಬಿಡುತ್ತೆ. ನಾನೇ ಕೂತಿದ್ರೂ ಅಲ್ಲಿಗೇ ಹೋಗಿ ಗುದ್ದುತ್ತಿದ್ದೆ. ನಿನ್ನ ತಪ್ಪು ಒಂದಿಷ್ಟೂ ಇಲ್ಲ."

ದಫೇದಾರರು ಹೊರಗಿನಿಂದ ತಲೆ ಹಾಕಿ, ಹೇಳಿಕೆಗೆ ಆಗಲೇ ಸಹಿಯಾಗಿದೆಯಲ್ಲ, ಇದನ್ನೂ ಸೇರಿಸಬೇಕೇ ಎಂದು ಕೇಳಿದರು.

"ಬೇರೆ ಹಾಳೆ ತಗೊಳ್ಳಿ," ಎಂದರು ಇನ್‌ಸ್ಪೆಕ್ಟರ್. "ಅವರು ಹೇಳಿದ ಹಾಗೇ ಬರೀರಿ."