ಮೂರು ಅಡಿ ಬಾಗಿದ ಬೇಲಿ

ಮಂಗಳವಾರ ಬೆಳಿಗ್ಗೆ 9.40ಕ್ಕೆ ಠಾಣೆಗೆ ಬಂದವನು ಔಷಧಿ ಅಂಗಡಿಯವನು. ಎರಡು ತಿಂಗಳ ಹಿಂದೆ ಕೊಂಡ ಜಾಗದಲ್ಲಿ ತನ್ನ ಬೇಲಿ ಕೆಲಸದವನ ತಲೆಗೆ ಯಾರೋ ಹಾರೆಯಿಂದ ಹೊಡೆದು ಹೋಗಿದ್ದಾರೆ ಎಂದು ದೂರು ಕೊಟ್ಟ. ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಒಬ್ಬ ಕಾನ್‌ಸ್ಟೆಬಲ್‌ನನ್ನು ಕರೆದುಕೊಂಡು ಹೊರಟರು.

10.30ಕ್ಕೆ ಪಂಚನಾಮೆ. ಹಳೆಯ ಬೇಲಿ ನೆಟ್ಟಗೆ ಬಂದು ಮೂಲೆಯಲ್ಲಿ ಮಾತ್ರ ಅಂಗಡಿಯವನ ಜಾಗದೊಳಕ್ಕೆ ಮೂರು ಅಡಿ ಬಾಗಿತ್ತು. ಕಿತ್ತಿದ್ದು ಆ ಬಾಗಿದ ಭಾಗದ ಕಂಬಗಳನ್ನಷ್ಟೇ. ಅಲ್ಲೊಂದು ಸಮಾಧಿ. ಕಾನ್‌ಸ್ಟೆಬಲ್ ಟೇಪು ಹಿಡಿದ. ಉದ್ದ ಮೂರೂವರೆ ಅಡಿ. ಮಗುವಿನದೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಪಕ್ಕದ ಮನೆಯ ವೆಲ್ಡರ್ ತನ್ನ ಶೆಡ್ಡಿನಲ್ಲೇ ಕೂತಿದ್ದ. ತೊಳೆದ ಹಾರೆ ಗೋಡೆಗೆ ಒರಗಿತ್ತು. ಓಡಿಹೋಗುವ ಯೋಚನೆಯೇ ಅವನಿಗೆ ಬಂದಂತಿರಲಿಲ್ಲ. ವಿಚಾರಣೆಗೆಂದು ಅವನನ್ನು ಠಾಣೆಗೆ ಕರೆತಂದರು.

ಜಾಗ ಮಾರಿದ ಗಣಿತದ ಮೇಷ್ಟ್ರು ಫೋನಿನಲ್ಲಿ ಉಳಿದದ್ದನ್ನು ಹೇಳಿದರು. ವೆಲ್ಡರ್ ತನ್ನ ಮಗುವನ್ನು ಮಣ್ಣು ಮಾಡಿದ ಮೇಲೆ ಸರ್ವೇ ಆಯಿತು, ಸಮಾಧಿ ತಮ್ಮ ಕಡೆಗೆ ಬಿತ್ತು. ಬೇಲಿ ಬಾಗಿಸೋಣ ಎಂದು ಇಬ್ಬರೂ ಕರಾರು ಮಾಡಿಕೊಂಡು ನೋಂದಣಿಯನ್ನೂ ಮಾಡಿಸಿದ್ದರು. ಮಧ್ಯಾಹ್ನ 3ಕ್ಕೆ ನೋಂದಣಿ ಕಚೇರಿಯಿಂದ ಅದರ ನಕಲು ಸಿಕ್ಕಿತು. 4.15ಕ್ಕೆ ಆಸ್ಪತ್ರೆಯಿಂದ ಫೋನು ಬಂತು. ಕೆಲಸದವನು ತೀರಿಹೋಗಿದ್ದ. ಅವನ ಹೆಂಡತಿ ಊಟದ ಡಬ್ಬಿ ಹಿಡಿದು ಇನ್ನೂ ವಾರ್ಡಿನ ಬಾಗಿಲಲ್ಲೇ ನಿಂತಿದ್ದಳಂತೆ.

5 ಗಂಟೆಗೆ ವೆಲ್ಡರ್‌ನ ಬಂಧನವಾಯಿತು.

"ಯಾಕೆ ಹೊಡೆದೆ?"

"ನನ್ನ ಮಗಳ ತಲೆದೆಸೇಲಿ ಗುಂಡಿ ತೋಡ್ತಿದ್ದ ಸಾರ್. ಬೇಡಪ್ಪಾ ಅಂದೆ. ಓನರ್ ಹೇಳಿದಾರೆ ಅಂದ." ಅವನು ತನ್ನ ಅಂಗೈ ನೋಡಿಕೊಂಡ. "ಅವನದೇನು ತಪ್ಪು, ಪಾಪ."

ಇನ್‌ಸ್ಪೆಕ್ಟರ್ ನಕಲನ್ನು ಮೇಜಿನ ಮೇಲಿಟ್ಟು ಕೊನೆಯ ಷರತ್ತನ್ನು ಓದಿದರು. ಈ ಕರಾರು ಉಭಯ ಪಕ್ಷದವರ ವಾರಸುದಾರರಿಗೂ ಮುಂದೆ ಜಾಗ ಕೊಳ್ಳುವವರಿಗೂ ಅನ್ವಯಿಸುತ್ತದೆ.

"ಕೊಂಡೋನು ಈ ಬೇಲಿ ಮುಟ್ಟೋ ಹಾಗೇ ಇರ್ಲಿಲ್ಲ ಕಣಯ್ಯಾ. ಇದನ್ನ ಹಿಡ್ಕೊಂಡು ನಮ್ಮ ಹತ್ರ ಬರೋದಲ್ವಾ?"

"ಬಂದಿದ್ದೆ ಸಾರ್. ಹೋದ ಗುರುವಾರ. ಮೇಷ್ಟ್ರು ಮಾರಿದ ಮೇಲೆ ಕರಾರು ಮುಗೀತು, ಇದು ಸಿವಿಲ್ ವಿಷಯ, ಹೋಗು ಅಂದ್ರಿ."

ಹಾಗೆ ಅಂದದ್ದು ಇನ್‌ಸ್ಪೆಕ್ಟರೇ. ದಿನಕ್ಕೆ ಹತ್ತು ಮಂದಿಗೆ ಹೇಳುವ ಮಾತು, ಬಾಯಿಪಾಠ. ಅವನು ಚಾಚಿದ ಕಾಗದವನ್ನು ಅವರು ಬಿಡಿಸಿಯೂ ನೋಡಿರಲಿಲ್ಲ.

ಹೇಳಿಕೆ ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೆಬಲ್ ಪೆನ್ನು ಎತ್ತಿ, ಇದನ್ನೂ ಬರೆಯಬೇಕಾ ಸಾರ್ ಎಂದು ಮೆಲ್ಲಗೆ ಕೇಳಿದ.

"ಬರಿ," ಎಂದರು ಇನ್‌ಸ್ಪೆಕ್ಟರ್. "ನನ್ನ ಹೆಸರು ಹಾಕಿ ಬರಿ."