ಖಾಲಿ ಆಕಾಶಕ್ಕೆ ಗುರಿ

ಸತ್ತ ಹಕ್ಕಿಯನ್ನು ಕೊಳದಿಂದ ಎತ್ತಿ ತಂದವನು ಆಹೋಕ್ ಅಜ್ಜ. ಅದೇ ಅವನಿಗೆ ಮುಳುವಾಯಿತು.

ಮೊಣಕಾಲುದ್ದ ಕೆಸರಿನಲ್ಲಿ ಕಾಲೆಳೆಯುತ್ತ ಬಂದ. ತೋಳಿನ ಮೇಲೆ ಬಿಳಿ ಹಕ್ಕಿ. ಕರಿ ಮುಖ, ಚಮಚದಂಥ ಕೊಕ್ಕು, ಮುರಿದು ಜೋತುಬಿದ್ದ ಒಂದು ರೆಕ್ಕೆ. ಏರಿಯ ಮೇಲೆ ನಾವು ಹದಿನೈದು ಜನ ನಿಂತಿದ್ದೆವು. ಒಬ್ಬರೂ ನೀರಿಗೆ ಇಳಿದಿರಲಿಲ್ಲ. ಷೂ ಕೊಳೆಯಾಗುತ್ತದಲ್ಲ!

"ಪಾಪ, ನನ್ನ ಕೊಳದಲ್ಲಿ ನಿದ್ದೆ ಮಾಡ್ತಿತ್ತು," ಎಂದ ಅಜ್ಜ. "ಯಾರ್ರೀ ಪಟಾಕಿ ಹಚ್ಚಿದ್ದು?"

"ಯಾರು ಅಂತ ನಮ್ಮನ್ನ ಕೇಳ್ತೀಯಾ?" ನಮ್ಮ ಗುಂಪಿನ ಹಿರಿಯರಾದ ಲೋ ಮೇಷ್ಟ್ರು ಗುಡುಗಿದರು. "ಸದ್ದು ಬಂದಿದ್ದು ನಿನ್ನ ಪಂಪ್‌ಮನೆ ಹಿಂದಿಂದ. ಆ ಕಡೆ ಇದ್ದವನು ನೀನೊಬ್ಬನೇ. ನಾವೆಲ್ಲ ಇಲ್ಲೇ ಇದ್ವಿ, ಒಬ್ಬರ ಪಕ್ಕ ಒಬ್ರು."

ಅದು ಸುಳ್ಳಲ್ಲ. ಅಜ್ಜ ಹಕ್ಕಿಯನ್ನು ಹುಲ್ಲಿನ ಮೇಲೆ ಮಲಗಿಸಿ, ಮುರಿದ ರೆಕ್ಕೆಯನ್ನು ಮಡಚಿ ಸರಿಮಾಡಿದ.

ತೈನಾನ್ ಹೊರವಲಯದ ಚೀಗುವಿನ ಮೀನುಕೊಳಗಳಿಗೆ ಚಳಿಗಾಲದಲ್ಲಿ ಈ ಚಮಚಕೊಕ್ಕುಗಳು ಬರುತ್ತವೆ. ಸಾಕಿದ ಹೂಮೀನು ಹಿಡಿದು ಮುಗಿದ ಮೇಲೆ ಅಜ್ಜ ಒಂದು ಕೊಳದ ನೀರು ಇಳಿಸುತ್ತಾನೆ. ಉಳಿದ ಪುಡಿಮೀನು ಹಕ್ಕಿಗಳ ಪಾಲು. ಹಕ್ಕಿಗಳ ಬೆನ್ನಿಗೆ ನಾವು. ನಿವೃತ್ತರಾದ ಮೇಲೆ ಇಡೀ ದಿನ ಮನೆಯವರ ಕಾಲಿಗೆ ತೊಡರದೆ ಇರಲು ತೈನಾನಿನ ಜನ ಕಂಡುಕೊಂಡ ದಾರಿ ಇದು. ಎಳೆಮಗುವಿನಷ್ಟು ತೂಕದ ಕ್ಯಾಮೆರಾ ಲೆನ್ಸು, ಅದನ್ನು ನಿಲ್ಲಿಸಲು ಮುಕ್ಕಾಲಿ, ನಮ್ಮನ್ನು ಕೂರಿಸಲು ಮಡಚುವ ಕುರ್ಚಿ. ಆ ಲೆನ್ಸಿಗೆ ನಾವು ಫಿರಂಗಿ ಎನ್ನುತ್ತೇವೆ. ನಾನು ವೇ, ಇನ್ನೂ ಕ್ಲಿನಿಕ್ಕು ಮುಚ್ಚದ ಹಲ್ಲಿನ ಡಾಕ್ಟರು. ನನ್ನ ಫಿರಂಗಿಯನ್ನು ನನ್ನ ಹೆಂಡತಿ ಸವತಿ ಎನ್ನುತ್ತಾಳೆ.

ಅಂದು ಬೆಳಿಗ್ಗೆ ಹಿಂಡಿಗೆ ಹಿಂಡೇ ಕೊಕ್ಕನ್ನು ಬೆನ್ನಿನ ಗರಿಗಳಲ್ಲಿ ಸಿಕ್ಕಿಸಿ ಮಲಗಿತ್ತು. ಆಚೆ ದಂಡೆಯ ಜೊಂಡಿನಲ್ಲಿ ಢಮಾರ್ ಎಂದಿತು. ಹಿಂಡು ದಿಗ್ಗನೆ ಎದ್ದಿತು. ಪಕ್ಕದ ಕೊಳದ ನೀರಿಗೆ ಗಾಳಿ ಬೆರೆಸುವ ಗಾಳಿಚಕ್ರಗಳಿಗೆ ಕರೆಂಟು ಒಯ್ಯುವ ತಂತಿಗೆ ಒಂದು ಹಕ್ಕಿ ಬಡಿದು ಬಿತ್ತು.

* * *

ಠಾಣೆಯಿಂದ ಬಂದವರು ಯೆನ್ ಶುಫಾಂಗ್. ಕುಳ್ಳಗಿನ ಹೆಂಗಸು, ನಿಧಾನದ ಮಾತು. ಅವರ ಎರಡು ದವಡೆಹಲ್ಲು ತುಂಬಿದವನು ನಾನೇ. ಎಷ್ಟು ನೋವಾದರೂ ಮುಖ ಕಿವುಚುವ ಪೈಕಿ ಅಲ್ಲ. ಹಕ್ಕಿ ಎಂದರೆ ಅವರಿಗೆ ತಟ್ಟೆಯಲ್ಲಿರುವ ಬಾತುಕೋಳಿ ಮಾತ್ರ ಗೊತ್ತು. ಹಾಗಾಗಿ ನನ್ನನ್ನು ಜೊತೆಗೆ ಕರೆದುಕೊಂಡರು.

ಪಂಪ್‌ಮನೆಯ ಹಲಗೆಯ ಮೇಲೆ ಪಟಾಕಿ ಡಬ್ಬಿ ಸಿಕ್ಕಿತು.

"ಇದೇನಜ್ಜ?"

"ಹೊಸ ವರ್ಷದ್ದು ಉಳಿದಿದ್ದಮ್ಮ. ಊರಲ್ಲಿ ಯಾರ ಮನೇಲಿಲ್ಲ ಹೇಳು?"

"ನೀರುಕಾಗೆ ಓಡಿಸೋಕೆ ಪಟಾಕಿ ಹೊಡೀತಿದ್ರಂತೆ?"

"ಮುಂಚೆ. ಈ ಬಿಳಿ ಹಕ್ಕಿ ಬರೋಕೆ ಶುರುವಾದ ಮೇಲೆ ಬಿಟ್ಟೆ."

"ನಿನ್ನೆ ಇವರ ಜೊತೆ ಜಗಳ ಆಡಿದ್ರಂತೆ?"

"ಏರಿ ಮೇಲೆ ಕಾರು ತಂದು ನಿಲ್ಲಿಸಿದ್ರೆ ಮುದ್ದು ಮಾಡ್ಲಾ?"

ಯೆನ್ ಪಂಪ್‌ಮನೆ ಹಿಂದಿನ ಜೊಂಡಿಗೆ ನುಗ್ಗಿದರು. ಸುಟ್ಟ ಕೆಂಪು ಕಾಗದದ ಚೂರುಗಳ ನಡುವೆ ಕೂತು ನನ್ನನ್ನು ಕರೆದರು. ಕೆಸರಿಗೆ ನೆಟ್ಟಗೆ ಚುಚ್ಚಿದ್ದ ಊದುಬತ್ತಿಯ ಬುಡ. ಅದಕ್ಕೆ ಸಣ್ಣ ತಂತಿ ಸುತ್ತಿತ್ತು.

"ಡಾಕ್ಟ್ರೇ, ಪಟಾಕಿಗೆ ಬೆಂಕಿ ಹೇಗೆ ಇಡ್ತೀರಿ?"

"ಊದುಬತ್ತಿಯಿಂದ್ಲೇ. ಕೈಯಲ್ಲಿ ಹಿಡಿದು, ಮುಟ್ಟಿಸಿ, ಓಡೋದು."

"ಇದನ್ನ ನೆಟ್ಟಿದ್ದಾರೆ. ಪಟಾಕಿನ ಇದಕ್ಕೇ ಕಟ್ಟಿದ್ದಾರೆ."

ಅದರಲ್ಲಿ ಏನು ವಿಶೇಷ ಎಂದು ನನಗೆ ಹೊಳೆಯಲಿಲ್ಲ. ಅವರು ಆ ಬುಡವನ್ನು ಕಿತ್ತು ಚೀಲಕ್ಕೆ ಹಾಕಿಕೊಂಡರು.

ಈ ಹಕ್ಕಿಯನ್ನು ಕೊಂದರೆ ನಮ್ಮಲ್ಲಿ ಜೈಲು. ಡಬ್ಬಿ, ಜಗಳ, ಜಾಗ, ಮೂರೂ ಅಜ್ಜನ ಕಡೆಗೇ ಬೆರಳು ತೋರಿಸುತ್ತಿದ್ದವು. ಠಾಣೆಯಲ್ಲಿ ಹೇಳಿಕೆ ಬರೆಸಿಕೊಂಡು, ಮಾರನೆಯ ಸಂಜೆ ಕಡತ ಪ್ರಾಸಿಕ್ಯೂಟರ್ ಕೈಗೆ ಹೋಗುತ್ತದೆ ಎಂದರು ಯೆನ್.

"ನಾನು ಒಳಗೆ ಹೋದ್ರೆ ಗಾಳಿಚಕ್ರ ಯಾರು ನೋಡ್ಕೋತಾರೆ?" ಅಜ್ಜ ಕೇಳಿದ. "ದೊಡ್ಡ ಕೊಳದಲ್ಲಿ ಮೀನಿದೆ. ಒಂದು ರಾತ್ರಿ ಚಕ್ರ ನಿಂತ್ರೆ ಎಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ವೆ."

ಅವನ ಧ್ವನಿಯಲ್ಲಿ ಅಳು ಇರಲಿಲ್ಲ. ನನಗೇ ಸಂಕಟವಾಯಿತು. ಸದ್ಯಕ್ಕೆ ಮನೆಗೆ ಹೋಗಲು ಬಿಟ್ಟರು.

ಅಂದೇ ಲೋ ಮೇಷ್ಟ್ರು ತಮ್ಮ ಫೋಟೋವನ್ನು ಎಲ್ಲರಿಗೂ ಕಾಣುವಂತೆ ಇಂಟರ್ನೆಟ್ಟಿಗೆ ಹಾಕಿದರು. ಇಡೀ ಹಿಂಡು ಒಟ್ಟಿಗೆ ಆಕಾಶಕ್ಕೆ ಏಳುತ್ತಿದೆ. ಒಂದೊಂದು ಗರಿಯೂ ಎಣಿಸುವಷ್ಟು ಸ್ಪಷ್ಟ. ಕೆಳಗೆ ಬರೆದಿದ್ದರು: 'ಕೊನೆಯ ಹಾರಾಟ. ಒಬ್ಬ ಮೀನುಗಾರನ ಕ್ರೌರ್ಯಕ್ಕೆ ಸಾಕ್ಷಿ.' ಸಾವಿರಾರು ಜನ ಮೆಚ್ಚಿದರು, ಅಜ್ಜನನ್ನು ಬಾಯಿಗೆ ಬಂದಂತೆ ಬೈದರು. ನಾನೂ ಮೆಚ್ಚಿದೆ. ಫೋಟೋ ಹಾಗಿತ್ತು, ಏನು ಮಾಡಲಿ?

ಮೇಷ್ಟ್ರು ಅಷ್ಟಕ್ಕೇ ನಿಲ್ಲಲಿಲ್ಲ. ಸಾಕ್ಷ್ಯಕ್ಕಿರಲಿ ಎಂದು ಕ್ಯಾಮೆರಾದ ಕಾರ್ಡನ್ನೇ ಠಾಣೆಗೆ ಕೊಟ್ಟು ಬಂದರು.

* * *

ಮರುದಿನ ಬೆಳಿಗ್ಗೆ ಗಂಜಿ ಅಂಗಡಿಯ ಹೆಂಗಸು ಠಾಣೆಗೆ ಫೋನ್ ಮಾಡಿದಳು. ಹಕ್ಕಿ ಕೊಂದವನು ಇಲ್ಲೇ ಕೂತಿದ್ದಾನೆ ಎಂದಳಂತೆ. ಯೆನ್ ನನ್ನನ್ನೂ ಎಬ್ಬಿಸಿ ಕರೆದೊಯ್ದರು.

"ಆ ಮೂಲೇಲಿ ಕೂತಿದಾನಲ್ಲ, ಅವನೇ ಮೇಡಂ," ಅವಳು ಪಿಸುಗುಟ್ಟಿದಳು. "ಒಂದೇ ಏಟಿಗೆ ಹೊಡೆದೆ, ಸರಿಯಾಗಿ ಕಣ್ಣಿಗೇ ಬಿತ್ತು ಅಂತಿದ್ದ. ನಾನೇ ಕಿವಿಯಾರೆ ಕೇಳಿದೆ."

ಮೂಲೆಯಲ್ಲಿದ್ದವರು ನಮ್ಮ ಶಿ, ನಿವೃತ್ತ ಪೋಸ್ಟ್‌ಮಾಸ್ಟರು. ಪೊಲೀಸು ಎದುರಿಗೆ ಕೂತಿದ್ದೇ ತಡ, ಚಮಚ ಬಟ್ಟಲಿಗೆ ಬಿತ್ತು.

"ಏನು ಹೊಡೆದ್ರಿ?"

"ಮಿಂಚುಳ್ಳಿ ಮೇಡಂ."

"ಕಣ್ಣಿಗೆ?"

"ಕಣ್ಣಿಗೇ. ಬೇಕಾದ್ರೆ ನೋಡಿ!" ಎಂದು ಫೋನು ಮುಂದೆ ಹಿಡಿದರು. ಮಿಂಚುಳ್ಳಿಯ ಫೋಟೋ. ಕಣ್ಣು ಫಳಫಳ ಹೊಳೆಯುತ್ತಿತ್ತು.

ನಾನು ನಕ್ಕುಬಿಟ್ಟೆ. "ಹಕ್ಕಿ ಹೊಡೆಯೋದು ಅಂದ್ರೆ ಫೋಟೋ ಹೊಡೆಯೋದು, ಮೇಡಂ. ಕಣ್ಣಿಗೆ ಬೀಳಬೇಕಾದ್ದು ಫೋಕಸ್ಸು."

ಯೆನ್ ನಗಲಿಲ್ಲ. ತಮಗೂ ಒಂದು ಬಟ್ಟಲು ಹೂಮೀನಿನ ಗಂಜಿ ತರಿಸಿಕೊಂಡರು. "ಮನುಷ್ಯರ ಥರ ಮಾತಾಡೋಕೆ ಏನ್ರೀ ಕಷ್ಟ ನಿಮಗೆ? ಹೋಗ್ಲಿ, ನಿನ್ನೆ ಹಿಂಡು ಎದ್ದಾಗ ಹೊಡೆದ್ರಾ?"

"ಅಯ್ಯೋ, ಎಲ್ಲಿ ಹೊಡೀತೀರಿ! ಒಂದು ಬಾಲ ಬಂತು. ಅದೂ ಮಂಜು ಮಂಜು."

"ನಿಮಗೆ ಡಾಕ್ಟ್ರೇ?"

"ಒಂದು ಕಾಲು," ಎಂದೆ. ನಾಚಿಕೆಯಾಯಿತು.

ಯೆನ್ ಗಂಜಿ ಕುಡಿಯುವುದನ್ನು ನಿಲ್ಲಿಸಿದರು. "ಎಲ್ಲರದ್ದೂ ತರಿಸಿ. ಆ ಕ್ಷಣದ್ದು. ಎಷ್ಟೇ ಕೆಟ್ಟದಾಗಿದ್ರೂ ಪರವಾಗಿಲ್ಲ."

* * *

ಕಳ್ಳಮಾಲು ಒಪ್ಪಿಸಿ ಎಂದಿದ್ದರೂ ಜನ ಅಷ್ಟು ಹಿಂದೇಟು ಹಾಕುತ್ತಿರಲಿಲ್ಲ. ಕೆಟ್ಟ ಫೋಟೋವನ್ನು ಬೇರೆಯವರಿಗೆ ತೋರಿಸುವುದು ನಮ್ಮ ಪೈಕಿ ಮಾನ ಹೋಗುವ ಕೆಲಸ. ಪಾನ್ ಅಕ್ಕ ಫೋನಿನಲ್ಲೇ ಕೂಗಾಡಿದಳು. ನಮ್ಮ ಗುಂಪಿನಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ಆದರೂ ಮಧ್ಯಾಹ್ನದ ಹೊತ್ತಿಗೆ ಎಲ್ಲರದ್ದೂ ನನ್ನ ಕ್ಲಿನಿಕ್ಕಿನ ಕಂಪ್ಯೂಟರಿಗೆ ಬಂದಿತ್ತು.

ಬಾಲ. ಕಾಲು. ಅರ್ಧ ರೆಕ್ಕೆ. ಬರೀ ನೀರು. ಒಬ್ಬರದ್ದರಲ್ಲಿ ತಮ್ಮದೇ ಟೋಪಿಯ ಅಂಚು.

"ಇಷ್ಟೊಂದು ದೊಡ್ಡ ಯಂತ್ರ ಇಟ್ಕೊಂಡು ಇದಾ?" ಎಂದರು ಯೆನ್.

ನನ್ನ ಸ್ವಾಭಿಮಾನ ಕೆರಳಿತು. "ಮಲಗಿದ್ದ ಹಕ್ಕಿ ಮೇಡಂ! ಫಿರಂಗೀಲಿ ಒಂದು ಹಕ್ಕಿ ಹಿಡಿಸಿದ್ರೆ ಹೆಚ್ಚು. ಅಲುಗಾಡದ್ದಕ್ಕೆ ಅಂತ ಶಟರು ನಿಧಾನಕ್ಕೆ ಇಟ್ಟಿರ್ತೀವಿ, ಹಾರಿದ್ರೆ ಮಂಜಾಗುತ್ತೆ. ಏಕಾಏಕಿ ಢಮಾರ್ ಅಂದ್ರೆ ಮೊದಲು ಎದೆ ಹಾರುತ್ತೆ, ಆಮೇಲೆ ಕೈ ಓಡುತ್ತೆ. ಅಷ್ಟರಲ್ಲಿ ಹಕ್ಕಿ ಎಲ್ಲಿರುತ್ತೆ?"

"ಮತ್ತೆ ಮೇಷ್ಟ್ರಿಗೆ ಪೂರ್ತಿ ಹಿಂಡು ಹೇಗೆ ಬಂತು?"

"ಕೈಚಳಕ. ಅವರು ನಮಗೆಲ್ಲ ಗುರುಗಳಲ್ವಾ..."

ಮಾತು ಅರ್ಧಕ್ಕೇ ನಿಂತಿತು. ಇಡೀ ಹಿಂಡು ಹಿಡಿಸಲು ಚಿಕ್ಕ ಲೆನ್ಸೇ ಬೇಕು; ಲೆನ್ಸನ್ನು ಕೈಚಳಕದಿಂದ ಚಿಕ್ಕದು ಮಾಡಲಾಗುವುದಿಲ್ಲ. ಮೇಷ್ಟ್ರು ಅಂದು ಫಿರಂಗಿ ತಂದಿರಲಿಲ್ಲ, ಸೊಂಟ ನೋವು ಎಂದಿದ್ದರು. ಈ ಹವ್ಯಾಸಕ್ಕೆ ನನ್ನನ್ನು ಕೈಹಿಡಿದು ಕರೆತಂದವರೇ ಅವರು.

ಯೆನ್ ಮೇಷ್ಟ್ರ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರು. ಹಾರಾಟದ ಸಾಲಿನಲ್ಲಿ ಎಲ್ಲಕ್ಕಿಂತ ಮೊದಲಿನ ಚಿತ್ರವನ್ನು ತೆರೆದರು. ಬಹಳ ಹೊತ್ತು ನೋಡಿದೆವು.

* * *

ಗಂಜಿ ಅಂಗಡಿಯಲ್ಲಿ ಎಲ್ಲರೂ ಸೇರಿದ್ದರು. ಲೋ ಮೇಷ್ಟ್ರ ಫೋಟೋ ಬಂದಿದ್ದ ಪತ್ರಿಕೆ ಮೇಜಿನಿಂದ ಮೇಜಿಗೆ ಓಡಾಡುತ್ತಿತ್ತು.

"ತುಂಬಾ ಚೆನ್ನಾಗಿದೆ ಮೇಷ್ಟ್ರೇ," ಎಂದರು ಯೆನ್.

"ಕಣ್ಣಲ್ಲಿ ನೀರು ಹಾಕ್ಕೊಂಡು ತೆಗೆದಿದ್ದು."

"ಶಟರು ಅಷ್ಟು ಬೇಗ ಬದಲಾಯಿಸಿದ್ರಾ?"

"ನಾನು ಯಾವಾಗ್ಲೂ ಜೋರಾಗೇ ಇಟ್ಟಿರ್ತೀನಿ. ಅಭ್ಯಾಸ."

"ಚಿಕ್ಕ ಲೆನ್ಸು?"

"ಸೊಂಟ ನೋವು. ಅದೃಷ್ಟ ಅಂತಾನೇ ಇಟ್ಕೊಳ್ಳಿ."

"ಇಟ್ಕೊಂಡೆ," ಎಂದು ಯೆನ್ ಲ್ಯಾಪ್‌ಟಾಪನ್ನು ಎಲ್ಲರ ಕಡೆಗೆ ತಿರುಗಿಸಿದರು. "ಇದೂ ನಿಮ್ಮದೇ. ಹಿಂಡು ಏಳೋಕೆ ಮುಂಚಿನದ್ದು."

ಮೊದಲು ಬಾಯಿ ತೆರೆದವಳು ಪಾನ್ ಅಕ್ಕ. "ಅಯ್ಯೋ, ಇದೇನ್ ಮೇಷ್ಟ್ರೇ! ಹಕ್ಕಿ ಎಲ್ಲ ತಳದಲ್ಲಿ ಸಾಸಿವೆ ಚೆಲ್ಲಿದ ಹಾಗಿದೆ. ಮೇಲೆ ಬರೀ ಖಾಲಿ ಆಕಾಶ. ನಾನು ಇಂಥದ್ದು ತಂದಿದ್ರೆ ಎಲ್ಲರೆದುರು ಮರ್ಯಾದೆ ತೆಗೀತಿದ್ರಿ!"

ಯಾರೋ ನಕ್ಕರು. ನಗು ಅಲ್ಲಿಗೇ ಸತ್ತಿತು.

"ಹೊಸ ಕ್ಯಾಮೆರಾ," ಮೇಷ್ಟ್ರು ತಡವರಿಸಿದರು. "ಗುಂಡಿ ಒತ್ತೋಕೆ ಒಂದು ಗಳಿಗೆ ಮುಂಚಿನದ್ದೂ ಹಿಡಿದಿಟ್ಕೊಳ್ಳುತ್ತೆ. ಸದ್ದು ಕೇಳಿದ ಮೇಲೇ ಒತ್ತಿದ್ದು ನಾನು."

"ಇರಬಹುದು. ನಾನು ಬೆರಳಿನ ಮಾತು ಆಡ್ತಿಲ್ಲ, ಗುರಿಯ ಮಾತು ಆಡ್ತಿದೀನಿ. ಕ್ಯಾಮೆರಾ ಮುಕ್ಕಾಲಿ ಮೇಲೆ ಬಿಗಿದಿತ್ತು. ಹಕ್ಕಿ ಕೆಳಗೆ ಮಲಗಿತ್ತು. ನೀವು ಖಾಲಿ ಆಕಾಶಕ್ಕೆ ಗುರಿ ಇಟ್ಟು ಕೂತಿದ್ರಿ. ಅಲ್ಲಿಗೆ ಏನು ಬರುತ್ತೆ ಅಂತ?"

ಮೇಷ್ಟ್ರು ಪತ್ರಿಕೆಯನ್ನು ಮಡಚಿದರು. ಬಿಚ್ಚಿದರು. ಮತ್ತೆ ಮಡಚಿದರು.

ಯೆನ್ ಮಾತು ಮುಂದುವರಿಸಿದರು. "ಜೊಂಡಿನಲ್ಲಿ ಊದುಬತ್ತಿ ನೆಟ್ಟು ಅದಕ್ಕೆ ಪಟಾಕಿ ಕಟ್ಟಿದ್ರು. ಆಹೋಕ್ ಅಜ್ಜನಿಗೆ ಆ ತಾಪತ್ರಯ ಯಾಕೆ? ಅವರು ಅಲ್ಲೇ ಇದ್ರು. ಕೈಯಾರೆ ಹಚ್ಚಿ ಎಸೀತಿದ್ರು. ಊದುಬತ್ತಿ ಬೇಕಾಗೋದು ಸಿಡಿಯೋ ಹೊತ್ತಿಗೆ ಬೇರೆ ಕಡೆ ಇರಬೇಕು ಅನ್ನೋರಿಗೆ. ಅಂದ್ರೆ ಏರಿ ಮೇಲೆ ನಿಂತಿದ್ದ ನಿಮ್ಮಲ್ಲಿ ಒಬ್ಬರು. ಯಾರು ಅಂತ ನಿಮ್ಮ ಫೋಟೋಗಳೇ ಹೇಳಿದ್ವು. ಎಲ್ಲರೂ ಬೆಚ್ಚಿದ್ದಾರೆ, ಅದಕ್ಕೇ ಎಲ್ಲರದ್ದೂ ಕೆಟ್ಟಿದೆ. ಕೆಡದೆ ಇರೋದು ಒಂದೇ. ಬೆಳಕು ಹರಿಯೋಕೆ ಮುಂಚೆ ಎಲ್ಲರಿಗಿಂತ ಮೊದಲು ಬಂದು ಜಾಗ ಹಿಡಿಯೋರು ಯಾರು ಅಂತ ಡಾಕ್ಟರನ್ನ ಕೇಳಿದೆ."

ಮೇಷ್ಟ್ರು ಎಂದು ಹೇಳಿದವನು ನಾನೇ. ನನಗೆ ತಲೆ ಎತ್ತಲಾಗಲಿಲ್ಲ.

"ಮಲಗಿದ್ದೇ ಮಲಗಿದ್ದು," ಲೋ ಮೆಲ್ಲಗೆ ಹೇಳಿದ. ಇಲ್ಲಿಂದ ಮುಂದೆ ಅವನಿಗೆ ಬಹುವಚನ ಹಚ್ಚಲು ನನಗೆ ಮನಸ್ಸಿಲ್ಲ. "ಚಳಿಗಾಲ ಪೂರ್ತಿ ಕಾದೆ. ಪ್ರದರ್ಶನಕ್ಕೆ ಒಂದು ಹಾರಾಟ ಬೇಕಿತ್ತು, ಒಂದೇ ಒಂದು. ಒಂದ್ಸಲ ಎಬ್ಬಿಸಿದ್ರೆ ಮತ್ತೆ ಬಂದು ಕೂರ್ತವೆ ಅಂದ್ಕೊಂಡೆ. ತಂತಿ ಕಾಣ್ಲಿಲ್ಲ. ನನ್ನ ಚೌಕಟ್ಟಿನಲ್ಲಿ ತಂತಿ ಇರಲಿಲ್ಲ."

"ಆ ಅಜ್ಜ ಜೈಲಿಗೆ ಹೋಗೋದು? ಅದೂ ಚೌಕಟ್ಟಿನಲ್ಲಿ ಇರಲಿಲ್ವಾ?" ಯೆನ್ ಕೇಳಿದರು.

ಪಾನ್ ಅಕ್ಕ ಎದ್ದು ಹೋಗಿ ಅವನ ಮುಂದಿದ್ದ ಪತ್ರಿಕೆಯನ್ನು ಕಿತ್ತುಕೊಂಡಳು.

* * *

ಸುದ್ದಿ ಹೇಳಲು ನಾವಿಬ್ಬರೂ ಕೊಳಕ್ಕೆ ಹೋದೆವು. ಅಜ್ಜ ಗಾಳಿಚಕ್ರಕ್ಕೆ ಗ್ರೀಸು ಹಚ್ಚುತ್ತಿದ್ದ. ನಿಮ್ಮ ಮೇಲೆ ಕೇಸಿಲ್ಲ ಎಂದರು ಯೆನ್. "ಹೂಂ," ಎಂದ. ಬಟ್ಟೆಯಲ್ಲಿ ಕೈ ಒರೆಸಿಕೊಂಡು, "ಆ ಫೋಟೋ ಇದೆಯಾ? ಎಲ್ಲರೂ ನೋಡಿ ನನ್ನ ಬೈದ್ರು. ನಾನೇ ನೋಡಿಲ್ಲ," ಎಂದ.

ನನ್ನ ಫೋನಿನಲ್ಲಿ ತೋರಿಸಿದೆ. ದೂರ ಹಿಡಿದು ನೋಡಿದ, ಹತ್ತಿರ ತಂದು ನೋಡಿದ.

"ಚೆಂದ ಇದೆ. ಇದರಲ್ಲಿ ಸತ್ತಿದ್ದು ಯಾವುದು?"

ನಾನು ಫೋಟೋ ನೋಡಿದೆ. ಬಿಳಿ ರೆಕ್ಕೆಗಳು, ಕರಿ ಮುಖಗಳು. ಎಲ್ಲ ಒಂದೇ ಥರ.

"ಗೊತ್ತಿಲ್ಲ," ಎಂದೆ.

"ಅಷ್ಟು ದೊಡ್ಡ ಲೆನ್ಸಿಟ್ಕೊಂಡು ದಿನಾ ನೋಡ್ತಿದ್ರಲ್ಲಪ್ಪ," ಎಂದ ಅಜ್ಜ. ಅದು ಬೈಗುಳವಾಗಿರಲಿಲ್ಲ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ಮರುದಿನ ಹೋದಾಗ ಅಜ್ಜ ಏರಿಯ ಬಾಯಿಗೆ ಅಡ್ಡಲಾಗಿ ಹಳೆಯ ಬಲೆ ಕಟ್ಟಿದ್ದ. ಕೊಳದ ನೀರು ಇಳಿಸಿದ ಹಾಗೇ ಇತ್ತು. ದೂರದಲ್ಲಿ ಹಕ್ಕಿಗಳು ವಾಪಸು ಬಂದು ಮಲಗಿದ್ದವು. ಪಾನ್ ಅಕ್ಕನೇ ಮೊದಲು ಕಾರು ತಿರುಗಿಸಿದಳು. ನಾವು ಫಿರಂಗಿಗಳನ್ನು ಕಾರಿನಿಂದ ಇಳಿಸದೆ ತಿರುಗಿ ಹೊರಟೆವು.