ಕಳುವಾದ ರಾಣಿ ಪೋಷಾಕು

ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಮಲ್ಲಿಕಸಾಬ ಬಬಲೇಶ್ವರ ಠಾಣೆಯ ಮೆಟ್ಟಿಲು ಹತ್ತಿದ. ವಿಜಯಪುರದ ಗೋಳಗುಮ್ಮಟದ ಹತ್ತಿರ ನಾಟಕದ ಪೋಷಾಕು ಬಾಡಿಗೆ ಕೊಡುವ ಅಂಗಡಿ ಅವನದು.

“ನಮ್ಮ ರಾಣಿ ಕಳುವಾಗ್ಯಾಳ್ರಿ, ಮೇಡಂ.”

ಪಿಎಸ್‌ಐ ವಿಜಯಲಕ್ಷ್ಮೀ ಪೆನ್ನು ಎತ್ತಿದರು. “ವಯಸ್ಸು?”

“ಪೋಷಾಕುರಿ. ಜರತಾರಿ ಸೀರಿ, ಕುಪ್ಪಸ, ಕಿರೀಟ, ಡಾಬು. ಇವತ್ತು ರಾತ್ರಿ ಇಲ್ಲೇ ನಾಟಕ. ರಾಣಿ ಇಲ್ದ ರಾಜಾ ಯಾರ ಮುಂದ ಅಳಬೇಕ್ರಿ?”

ಎಫ್‌ಐಆರ್ ಆಯಿತು. ಸಮುದಾಯ ಭವನದ ಬಣ್ಣದ ಕೋಣೆಗೆ ಚಿಲಕವಷ್ಟೇ ಇತ್ತು. ಒಳಗೆ ಪೋಷಾಕು ಇಟ್ಟಿದ್ದ ಟ್ರಂಕಿನ ಬೀಗ ಮುರಿದಿರಲಿಲ್ಲ. ಕೀಲಿಕೈ ಇದ್ದದ್ದು ಸಿದ್ದಲಿಂಗೇಶನ ಬಳಿ. ಹಗಲು ಗೊಬ್ಬರದ ವ್ಯಾಪಾರಿ, ನಾಟಕದಲ್ಲಿ ಹದಿನೈದು ವರ್ಷಗಳಿಂದ ಊರಿಗೆ ಅವನೇ ರಾಣಿ.

“ಕೀಲಿಕೈ ರಾತ್ರಿ ಎಲ್ಲಿತ್ತು?”

“ಮನ್ಯಾಗ, ಮೊಳಿಗಿ ಹಾಕಿದ್ದೆರಿ.”

ಟ್ರಂಕಿನ ತಳದಲ್ಲಿ ಜಡೆಗೆ ಸೇರಿಸುವ ಒಂದು ಚವರಿ, ಗಂಡಸರು ಹೆಣ್ಣುವೇಷಕ್ಕೆ ಎದೆಗೆ ಕಟ್ಟಿಕೊಳ್ಳುವ ಎರಡು ಬಟ್ಟೆಯುಂಡೆ ಉಳಿದಿದ್ದವು. ಪಂಚನಾಮೆ ಬರೆಯುತ್ತಿದ್ದ ಕಾನ್‌ಸ್ಟೇಬಲ್ ಅಮೋಘಿಯ ಪೆನ್ನು ನಿಂತಿತು.

“ಇವನ್ನ ಏನಂತ ಬರೀಲಿರಿ?”

“ಇದ್ದದ್ದ ಬರಿ.”

ಮಾರುವ ಕಳ್ಳನಾದರೆ ಟ್ರಂಕನ್ನೇ ಹೊರುತ್ತಿದ್ದ. ಉಡುವ ಗಂಡಸಿಗೆ ಇವಿಲ್ಲದೆ ನಡೆಯದು. ಇವು ಬೇಡವಾದವರು ಯಾರು? ವಿಜಯಲಕ್ಷ್ಮೀ ಸಿದ್ದಲಿಂಗೇಶನತ್ತ ತಿರುಗಿದರು.

“ನಿಮ್ಮ ಹೆಂಡತಿ ಎಲ್ಲದಾರ?”

“ಪರಸವ್ವರಿ? ಮುಂಜಾನೆ ಬಸ್ಸಿಗೆ ತಿಕೋಟಾಕ ತವರಮನಿಗಿ ಹೋಗ್ಯಾಳ.”

“ಕೈಯಾಗ ಚೀಲ ಇತ್ತೇನು?”

“ನೋಡಿಲ್ಲರಿ.”

“ಏನ ಉಟ್ಟಿದ್ದರು?”

ಸಿದ್ದಲಿಂಗೇಶ ಪ್ರಾಮಾಣಿಕವಾಗಿ ಯೋಚಿಸಿದ. “ಅದನ್ನೂ ನೋಡಿಲ್ಲರಿ.”

ತಿಕೋಟಾದಲ್ಲಿ ತವರಿನವರು ಫೋಟೊ ಸ್ಟುಡಿಯೋದತ್ತ ಕೈ ತೋರಿಸಿದರು. ಒಳಗೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಕಿರೀಟ ಸಹಿತ ಪರಸವ್ವ. ಪೊಲೀಸರನ್ನು ಕಂಡರೂ ಏಳಲಿಲ್ಲ.

“ಒಂದ ಫೋಟೊ ಆಗ್ಲಿರಿ. ಆಮ್ಯಾಲ ಬರ್ತೀನಿ.”

ವಿಜಯಲಕ್ಷ್ಮೀ ಕಾದರು. ಆಮೇಲೆ ದಸ್ತಗಿರಿ ಮಾಡಿ, ಉಟ್ಟ ಸೀರೆಯಲ್ಲೇ ಠಾಣೆಗೆ ಕರೆತಂದರು.

“ಯಾಕ ತಗೊಂಡಿ?”

“ನಳದ ಕಡೆ ಹೋದರ ಹೆಂಗಸರು, ‘ನಿನ್ನ ಗಂಡ ಏನ್ ಚಂದ ಕಾಣತಾನ ಬೇ’ ಅಂತಾರ. ಚಂದ ಸೀರಿದೋ ಅವರದೋ, ನೋಡಬೇಕಾಗಿತ್ತು. ನಾಟಕ ಸುರು ಆಗೂದ್ರೊಳಗ ತಂದಿಡತಿದ್ದೆರಿ.”

ಜಪ್ತಿಯಾದ ಮಾಲು ರಂಗಕ್ಕೆ ಏರುವಂತಿಲ್ಲ. ಮಲ್ಲಿಕಸಾಬ ಗೊಣಗುತ್ತಲೇ ರಾತ್ರಿಯ ನಾಟಕಕ್ಕೆ ಅಂಗಡಿಯಿಂದ ಬಣ್ಣ ಮಾಸಿದ ಇನ್ನೊಂದು ಸೀರೆ ತರಿಸಿದ. ಮಾಲು ಗುರುತಿಸಲು ಸಿದ್ದಲಿಂಗೇಶನನ್ನು ಕರೆದರು. ಅವನು ಕಿರೀಟದಿಂದ ಅಂಚಿನವರೆಗೆ ಹೆಂಡತಿಯನ್ನು ನೋಡಿದ. ಮತ್ತೆ ಅಂಚಿನಿಂದ ಕಿರೀಟದವರೆಗೆ.

“ಗುರುತು ಸಿಕ್ತೇನು?”

“ಸಿಕ್ತರಿ.” ತಡೆದು ಹೇಳಿದ, “ನಿರಿಗಿ ನನಗ ಎಂದೂ ಇಷ್ಟು ಚಂದ ಬಂದಿಲ್ಲ.”

ಪರಸವ್ವ ಗೋಡೆಯ ಕಡೆ ಮುಖ ತಿರುಗಿಸಿದಳು.

“ಇದನ್ನೂ ಬರೀಲೇನ್ರಿ?” ಎಂದ ಅಮೋಘಿ.

“ಬರಿ,” ಎಂದರು ವಿಜಯಲಕ್ಷ್ಮೀ. “ಹದಿನೈದು ವರ್ಷಕ್ಕ ಒಂದ್ ಸಲ ಹೆಂಡತಿಗಿ ಚಂದ ಅಂದಾರ. ದಾಖಲಿ ಇರಲಿ.”